ಎರಡು ವರ್ಷದ ಮೇಷ್ಟ್ರು

ಅಮೆರಿಕದ ಬೇಸ್‌ಬಾಲ್ ದಿಗ್ಗಜರ ಜೀವನಚರಿತ್ರೆಗಳನ್ನು ಓದುತ್ತ ಹೋದರೆ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಹೈಸ್ಕೂಲು ಮುಗಿಸಿದ ಹುಡುಗ ಮನೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ವರ್ಷ ಓದಿದ, ಆಡಿದ ಎಂಬ ಸಾಲು. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅವನು ದೊಡ್ಡ ವಿಶ್ವವಿದ್ಯಾಲಯದಲ್ಲೋ ವೃತ್ತಿಪರ ತಂಡದಲ್ಲೋ ಇರುತ್ತಾನೆ. ಜಾಕಿ ರಾಬಿನ್ಸನ್ ಪ್ಯಾಸಡೀನಾದಲ್ಲಿ, ಸ್ಟೀವ್ ಕಾರ್ಲ್‌ಟನ್ ಮತ್ತು ಮೈಕ್ ಪಿಯಾಝಾ ಮಯಾಮಿಯಲ್ಲಿ, ಕರ್ಬಿ ಪಕೆಟ್ ಶಿಕಾಗೋ ಪಕ್ಕದ ಟ್ರೈಟನ್‌ನಲ್ಲಿ, ರೋಜರ್ ಕ್ಲೆಮೆನ್ಸ್ ಹ್ಯೂಸ್ಟನ್ ಬಳಿಯ ಸ್ಯಾನ್ ಜಸಿಂಟೊದಲ್ಲಿ, ಆಲ್ಬರ್ಟ್ ಪುಹೋಲ್ಸ್ ಕಾನ್ಸಸ್ ಸಿಟಿಯ ಮೇಪಲ್ ವುಡ್ಸ್‌ನಲ್ಲಿ. ಹೀಗೆ ಆ ಒಂದು ಸಾಲಿನೊಳಗೆ ಹಾದುಹೋದವರ ಪಟ್ಟಿ ಬಹಳ ಉದ್ದವಿದೆ. ಆ ಸಾಲಿನೊಳಗೇ ನಿಂತು, ಬಂದವರನ್ನು ಎದುರುಗೊಂಡು ಹೋಗುವವರನ್ನು ಕಳಿಸಿಕೊಟ್ಟ ಮನುಷ್ಯನ ಬಗ್ಗೆ ಮಾತ್ರ ಬರೆದಿರುವುದು ಕಡಿಮೆ. ಆತ ಕಮ್ಯುನಿಟಿ ಕಾಲೇಜಿನ ಬೇಸ್‌ಬಾಲ್ ಕೋಚ್. ಆತನ ವೃತ್ತಿಯನ್ನು ಕ್ರೀಡಾ ಇತಿಹಾಸಕಾರರು ಸಾಮಾನ್ಯವಾಗಿ ಮೇಲಿನ ಹುದ್ದೆಗೆ ಹತ್ತುವ ಮೆಟ್ಟಿಲಾಗಿ ನೋಡುತ್ತಾರೆ, ಇಲ್ಲವೇ ಹತ್ತಲಾರದವರು ಉಳಿದುಕೊಂಡ ಜಗಲಿಯಾಗಿ. ಎರಡೂ ತಪ್ಪು ನೋಟ ಎಂಬುದು ಈ ಬರಹದ ವಾದ. ಈ ಕಸುಬು ರೂಪುಗೊಂಡದ್ದು ಆಟದ ಏಣಿಯಿಂದಲ್ಲ, ಶಿಕ್ಷಣದ ಬಾಗಿಲಿನಿಂದ. ಹೀಗಾಗಿ ಅದನ್ನು ಒಬ್ಬ ಮೇಷ್ಟ್ರ ವೃತ್ತಿಯಾಗಿ ಓದಿದಾಗ ಮಾತ್ರ ಅದರ ಚರಿತ್ರೆ ಅರ್ಥವಾಗುತ್ತದೆ.

ಮೊದಲು ಆ ಬಾಗಿಲಿನ ಮಾತು. ನಮ್ಮ ಪಿಯುಸಿಯಂತೆ ಇದೂ ಎರಡು ವರ್ಷದ ಓದು, ಆದರೆ ಸ್ಥಾನ ಬೇರೆ. ಪಿಯುಸಿ ಪದವಿಗೆ ಮುಂಚಿನದು. ಅಮೆರಿಕದ ಕಮ್ಯುನಿಟಿ ಕಾಲೇಜು ನಾಲ್ಕು ವರ್ಷದ ಪದವಿಯ ಮೊದಲ ಎರಡು ವರ್ಷಗಳನ್ನೇ ಕಲಿಸುತ್ತದೆ. ಮುಗಿಸಿದವರು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ವರ್ಗವಾಗಬಹುದು, ಇಲ್ಲವೇ ಒಂದು ಕಸುಬು ಕಲಿತು ಕೆಲಸಕ್ಕೆ ಹೋಗಬಹುದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಹೈಸ್ಕೂಲೊಂದರ ಕಟ್ಟಡದೊಳಗೆ ಆರು ವಿದ್ಯಾರ್ಥಿಗಳೊಂದಿಗೆ ಶುರುವಾದ ಕಾಲೇಜನ್ನು ಈ ಪರಂಪರೆಯಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಸಾರ್ವಜನಿಕ ಸಂಸ್ಥೆ ಎನ್ನುತ್ತಾರೆ. ಅದರ ಹಿಂದಿದ್ದವರು ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಆ ಊರಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟಾನ್ಲಿ ಬ್ರೌನ್. ಕ್ಯಾಲಿಫೋರ್ನಿಯಾ 1907ರಲ್ಲಿ ಹೈಸ್ಕೂಲುಗಳು ಮುಂದಿನ ತರಗತಿಗಳನ್ನು ನಡೆಸಲು ಕಾನೂನು ಮಾಡಿತು, 1910ರಲ್ಲಿ ಫ್ರೆಸ್ನೊದಲ್ಲಿ ಮೊದಲ ಕಾಲೇಜು ತೆರೆಯಿತು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿ, ಅದುವರೆಗೆ 'ಜೂನಿಯರ್ ಕಾಲೇಜು' ಎನಿಸಿದ್ದ ಇವುಗಳಿಗೆ 'ಕಮ್ಯುನಿಟಿ ಕಾಲೇಜು' ಎಂಬ ಹೆಸರನ್ನು ಬಳಕೆಗೆ ತಂದಿತು. 1960ರ ಕ್ಯಾಲಿಫೋರ್ನಿಯಾ ಮಾಸ್ಟರ್ ಪ್ಲಾನ್ ಇನ್ನೂ ಮುಂದೆ ಹೋಯಿತು. ಹೈಸ್ಕೂಲಿನಲ್ಲಿ ಮೇಲಿನ ಎಂಟನೆಯ ಒಂದು ಭಾಗದವರಿಗೆ ಒಂದು ವಿಶ್ವವಿದ್ಯಾಲಯ, ಮೇಲಿನ ಮೂರನೆಯ ಒಂದು ಭಾಗದವರಿಗೆ ಇನ್ನೊಂದು, ಕಲಿಯಲು ಬಂದ ಉಳಿದ ಯಾರಿಗೇ ಆಗಲಿ ಎರಡು ವರ್ಷದ ಕಾಲೇಜು ಎಂದು ಹಂಚಿತು. ಕ್ಯಾಲಿಫೋರ್ನಿಯಾದ ಈ ಕಾಲೇಜುಗಳಲ್ಲಿ 1984ರವರೆಗೆ ಬೋಧನಾ ಶುಲ್ಕವೇ ಇರಲಿಲ್ಲ. ಸಿಲಿಕಾನ್ ವ್ಯಾಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಕ್ಯುಪರ್ಟಿನೊದ ಡಿ ಆಂಝಾ ಕಾಲೇಜು ಪರಿಚಿತ. ಅದೂ ಇದೇ ವ್ಯವಸ್ಥೆಯ ಕುಡಿ.

ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ಅಂಕಪಟ್ಟಿ ಕೇಳದ ಈ ನಿಯಮವೇ ಕೋಚ್‌ನ ಕೆಲಸವನ್ನು ತಿದ್ದಿದ ಮೊದಲ ಶಕ್ತಿ. ವಿಶ್ವವಿದ್ಯಾಲಯದ ಕೋಚ್ ಆಯ್ದವರನ್ನು ಕರೆತರುತ್ತಾನೆ. ಇಲ್ಲಿನ ಕೋಚ್‌ಗೆ ಸಿಗುವವರು ಬಹುಪಾಲು ಬೇರೆಡೆ ಆಯ್ಕೆಯಾಗದವರು. ಅಂಕ ಸಾಲದವನು, ಹದಿನೆಂಟಕ್ಕೆ ಇನ್ನೂ ಮೈ ತುಂಬದವನು, ಭುಜ ನೋವಿನಿಂದ ಒಂದು ವರ್ಷ ಕಳೆದುಕೊಂಡವನು, ಮನೆಯ ಕಷ್ಟಕ್ಕೆ ಊರು ಬಿಡಲಾರದವನು. ಪಕೆಟ್‌ನ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಶಿಕಾಗೋದ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ಆತ ಹೈಸ್ಕೂಲಿನ ನಂತರ ಫೋರ್ಡ್ ಕಾರ್ಖಾನೆಯಲ್ಲಿ ದುಡಿದ, ಬ್ರ್ಯಾಡ್ಲಿ ವಿಶ್ವವಿದ್ಯಾಲಯ ಸೇರಿದ. ಅಲ್ಲಿದ್ದಾಗ ತಂದೆ ತೀರಿಕೊಂಡರು. ತಾಯಿಗೆ ಹತ್ತಿರವಿರಬೇಕೆಂದು ಟ್ರೈಟನ್ ಕಾಲೇಜಿಗೆ ಬಂದ. ಹಾಗೆ ಮರಳಿ ಬಂದವನನ್ನು ಸೇರಿಸಿಕೊಳ್ಳಲು ಒಂದು ಕಾಲೇಜು, ಒಂದು ತಂಡ ಮನೆಯ ಸಮೀಪದಲ್ಲೇ ಇತ್ತು ಎಂಬುದು ಯಾವ ಕೋಚ್‌ನ ಜಾಣ್ಮೆಯೂ ಅಲ್ಲ, ಒಂದು ಸಮಾಜ ಮಾಡಿಟ್ಟ ಏರ್ಪಾಡು. ಆದರೆ ಆ ಏರ್ಪಾಡಿಗೆ ಕೈಕಾಲು ಕೊಟ್ಟವನು ಕೋಚ್.

ಹುದ್ದೆಯ ಮೊದಲ ದಶಕಗಳಲ್ಲಿ ಆತ ನಿಜಕ್ಕೂ ಮೇಷ್ಟ್ರೇ. ವ್ಯಾಯಾಮ ಶಿಕ್ಷಣ ಹೇಳಿಕೊಡುತ್ತ, ಶರತ್ಕಾಲ ಚಳಿಗಾಲಗಳಲ್ಲಿ ಇನ್ನೊಂದು ಆಟ ಕಲಿಸುತ್ತ, ವಸಂತದಲ್ಲಿ ಬೇಸ್‌ಬಾಲ್ ತಂಡ ಕಟ್ಟುತ್ತಿದ್ದವನು. ದೊಡ್ಡ ಕಾಲೇಜುಗಳ ಕ್ರೀಡಾ ಸಂಘವು ಈ ಎರಡು ವರ್ಷದ ಕಾಲೇಜುಗಳ ಓಟಗಾರರನ್ನು ತನ್ನ ರಾಷ್ಟ್ರೀಯ ಕೂಟಕ್ಕೆ ಸೇರಿಸಿಕೊಳ್ಳಲು ಒಪ್ಪದಿದ್ದಾಗ, ಕ್ಯಾಲಿಫೋರ್ನಿಯಾದ ಹದಿಮೂರು ಕಾಲೇಜುಗಳ ಪ್ರತಿನಿಧಿಗಳು 1938ರ ಮೇ ತಿಂಗಳಲ್ಲಿ ಫ್ರೆಸ್ನೊದಲ್ಲಿ ಸೇರಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಅದೇ ತಿಂಗಳು ಪ್ಯಾಸಡೀನಾ ಜೂನಿಯರ್ ಕಾಲೇಜಿನ ಜಾಕಿ ರಾಬಿನ್ಸನ್ ಒಂದೇ ದಿನ ಒಂದು ಊರಿನಲ್ಲಿ ಉದ್ದಜಿಗಿತದಲ್ಲಿ ಅಣ್ಣ ಮ್ಯಾಕ್‌ನ ದಾಖಲೆ ಮುರಿದು, ಅಲ್ಲಿಂದ ಇನ್ನೊಂದು ಊರಿಗೆ ಧಾವಿಸಿ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಆಡಿದ. ವೃತ್ತಿಪರ ಬೇಸ್‌ಬಾಲ್‌ನ ಮೇಲ್ಹಂತವಾದ ಮೇಜರ್ ಲೀಗ್ ಕಪ್ಪುಜನರಿಗೆ ಬಾಗಿಲು ತೆರೆಯಲು ಇನ್ನೂ ಒಂಬತ್ತು ವರ್ಷವಿತ್ತು. ಊರಿನ ತೆರಿಗೆಯಿಂದ ನಡೆಯುವ ಎರಡು ವರ್ಷದ ಕಾಲೇಜಿನಲ್ಲಿ ಅವನು ಬಿಳಿಯ ಹುಡುಗರ ಜೊತೆ ಒಂದೇ ತಂಡದಲ್ಲಿದ್ದ. ದೇಶದ ಎಲ್ಲೆಡೆ ಹೀಗಿತ್ತೆಂದು ಹೇಳಲಾಗದು. ದಕ್ಷಿಣದ ರಾಜ್ಯಗಳಲ್ಲಿ ಈ ಕಾಲೇಜುಗಳೂ ಬಣ್ಣದ ಗೆರೆ ಎಳೆದುಕೊಂಡೇ ಬೆಳೆದವು.

ಎರಡನೆಯ ಮಹಾಯುದ್ಧದ ನಂತರ ಸೈನಿಕರಿಗೆ ಸರ್ಕಾರ ಓದಿನ ಖರ್ಚು ಕೊಟ್ಟ 1944ರ ಕಾನೂನಿನಿಂದ ಕಾಲೇಜುಗಳು ತುಂಬಿಹೋದವು, ಹೊಸವು ಹುಟ್ಟಿದವು. ಅವುಗಳಿಗೆ ನೆಲ ಸಿಕ್ಕಿದ್ದು ಹಲವು ಕಡೆ ಸೇನೆ ಬಿಟ್ಟುಹೋದ ಜಾಗಗಳಲ್ಲಿ. ದಕ್ಷಿಣ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದ ಆರೆಂಜ್ ಕೋಸ್ಟ್ ಕಾಲೇಜು 1948ರಲ್ಲಿ ಪಾಠ ಶುರುಮಾಡಿದ್ದು ಸಾಂಟಾ ಆನಾ ಸೇನಾ ವಾಯುನೆಲೆಯ ನೆಲದಲ್ಲಿ. ಮಯಾಮಿಯ ಕಾಲೇಜು 1960ರಲ್ಲಿ ತೆರೆದು, ಫ್ಲಾರಿಡಾದಲ್ಲಿ ಕಪ್ಪು ಬಿಳಿ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿದ ಮೊದಲ ಜೂನಿಯರ್ ಕಾಲೇಜಾಯಿತು. ಅದರ ಆವರಣವೂ ಹಳೆಯ ನೌಕಾ ವಿಮಾನನೆಲೆಯ ಜಾಗದಲ್ಲೇ ಎದ್ದಿತು. ಅಲ್ಲಿ ಡೆಮಿ ಮೈನಿಯೆರಿ ಬೇಸ್‌ಬಾಲ್ ತಂಡ ಕಟ್ಟಿ ಮೂವತ್ತು ವರ್ಷ ನಡೆಸಿದರು. 1964ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು, ಒಂದು ಸಾವಿರ ಗೆಲುವು ಮುಟ್ಟಿದ ಮೊದಲ ಜೂನಿಯರ್ ಕಾಲೇಜು ಕೋಚ್ ಎನಿಸಿದರು. ಮುಂದೆ ಮೇಜರ್ ಲೀಗ್‌ನಲ್ಲಿ ಆಡಿದ ಬಕಿ ಡೆಂಟ್, ಮಿಕಿ ರಿವರ್ಸ್ ಇಬ್ಬರೂ ಮೈನಿಯೆರಿಯವರ ಕೈಯಲ್ಲಿ ಪಳಗಿದವರು. ಸಾವಿರ ಗೆಲುವು ಎಂಬ ಅಂಕಿಯನ್ನು ನಾವು ಎಷ್ಟು ಬೇಗ ಹಿಡಿದುಕೊಳ್ಳುತ್ತೇವೆಂದರೆ ಅದರ ಕೆಳಗಿನ ಇನ್ನೊಂದು ಲೆಕ್ಕ ಕಣ್ಣಿಗೆ ಬೀಳುವುದಿಲ್ಲ. ಯಾವ ಹುಡುಗನೂ ಎರಡು ಋತುಗಳಿಗಿಂತ ಹೆಚ್ಚು ಆಡದ ತಂಡದಲ್ಲಿ ಮೂವತ್ತು ವರ್ಷ ಇರುವುದೆಂದರೆ ಹದಿನೈದು ಬಾರಿ ತಂಡವನ್ನು ಬುಡದಿಂದ ಹೊಸದಾಗಿ ಕಟ್ಟುವುದು. ಎರಡನೆಯ ವರ್ಷದ ಹುಡುಗ ಕಲಿತು ಕೈಗೆ ಬಂದ ಹೊತ್ತಿಗೆ ಹೊರಟು ನಿಂತಿರುತ್ತಾನೆ. ವಿಶ್ವವಿದ್ಯಾಲಯದ ಕೋಚ್ ಮೂರನೆಯ ವರ್ಷದಲ್ಲಿ ಫಲ ಉಣ್ಣುತ್ತಾನೆ. ಇವರು ನೆಟ್ಟು, ನೀರೆರೆದು, ಹೂ ಬಿಡುವ ಹೊತ್ತಿಗೆ ಸಸಿಯನ್ನು ಬುಡಸಮೇತ ಕಿತ್ತು ಬೇರೆಯವರ ತೋಟಕ್ಕೆ ಕೊಡಬೇಕು.

ಕಸುಬನ್ನು ತಿದ್ದಿದ ಎರಡನೆಯ ಶಕ್ತಿ ವೃತ್ತಿಪರ ತಂಡಗಳ ಡ್ರಾಫ್ಟ್. 1965ರಿಂದ ಪ್ರತಿವರ್ಷ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ ಬಂತು. ನಾಲ್ಕು ವರ್ಷದ ಕಾಲೇಜಿಗೆ ಸೇರಿದವನನ್ನು ಸಾಮಾನ್ಯವಾಗಿ ಮೂರು ವರ್ಷ ಮುಗಿಯುವವರೆಗೆ, ಇಲ್ಲವೇ ಇಪ್ಪತ್ತೊಂದು ತುಂಬುವವರೆಗೆ ಮುಟ್ಟುವಂತಿಲ್ಲ. ಎರಡು ವರ್ಷದ ಕಾಲೇಜಿನವನನ್ನು ಯಾವ ವರ್ಷ ಬೇಕಾದರೂ ಆರಿಸಬಹುದು. 1966ರಿಂದ 1986ರವರೆಗೆ ಜನವರಿಯಲ್ಲೂ ಒಂದು ಡ್ರಾಫ್ಟ್ ನಡೆಯುತ್ತಿತ್ತು. ಪಕೆಟ್‌ನನ್ನು ಮಿನೆಸೋಟಾ ತಂಡ 1982ರ ಜನವರಿಯಲ್ಲಿ ಮೂರನೆಯವನಾಗಿ ಆರಿಸಿದ್ದು ಅಲ್ಲೇ. ಅದು ನಿಂತ ಮೇಲೆ 1987ರಿಂದ ಎರಡು ದಶಕ ಇನ್ನೊಂದು ಪದ್ಧತಿ ನಡೆಯಿತು. ಜೂನ್‌ನಲ್ಲಿ ಒಬ್ಬ ಹುಡುಗನನ್ನು ಕೊನೆಯ ಸುತ್ತುಗಳಲ್ಲಿ ಆರಿಸಿ, ಅವನು ಜೂನಿಯರ್ ಕಾಲೇಜಿನಲ್ಲಿ ಒಂದು ವರ್ಷ ಬೆಳೆಯುವುದನ್ನು ನೋಡುತ್ತಿದ್ದು, ಮುಂದಿನ ಡ್ರಾಫ್ಟಿಗೆ ಮೊದಲು ಸಹಿ ಹಾಕಿಸಿಕೊಳ್ಳುವುದು. ಯಾಂಕೀಸ್ ತಂಡ 1990ರಲ್ಲಿ ಆ್ಯಂಡಿ ಪೆಟಿಟ್‌ನನ್ನು 22ನೆಯ ಸುತ್ತಿನಲ್ಲಿ, ಹೋರ್ಹೆ ಪೊಸಾಡನನ್ನು 24ನೆಯ ಸುತ್ತಿನಲ್ಲಿ ಹೀಗೆ ಆರಿಸಿತು. ಒಬ್ಬ ಟೆಕ್ಸಸ್‌ನ ಸ್ಯಾನ್ ಜಸಿಂಟೊದಲ್ಲಿ, ಇನ್ನೊಬ್ಬ ಅಲಬಾಮಾದ ಕ್ಯಾಲ್ಹೂನ್ ಕಾಲೇಜಿನಲ್ಲಿ ಒಂದು ವರ್ಷ ಆಡಿ 1991ರಲ್ಲಿ ಸಹಿ ಹಾಕಿದರು. ಮುಂದೆ ಒಬ್ಬ ಎಸೆದು ಇನ್ನೊಬ್ಬ ಹಿಡಿದು ಅದೇ ತಂಡಕ್ಕೆ ವಿಶ್ವ ಸರಣಿಗಳನ್ನು ಗೆದ್ದುಕೊಟ್ಟರು. ಕೋಚ್‌ನ ದೃಷ್ಟಿಯಿಂದ ಈ ನಿಯಮದ ಅರ್ಥ ಬೇರೆ. ಅವನ ಮೈದಾನದ ಬೇಲಿಯ ಪಕ್ಕ ತಂಡಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಬಂದು ನಿಂತರು. ಅವನ ತಂಡದ ಅತ್ಯುತ್ತಮ ಹುಡುಗ ಯಾವ ದಿನವಾದರೂ ಹೋಗಬಹುದಿತ್ತು. ಎರಡು ವರ್ಷ ಎಂಬುದೂ ಖಾತ್ರಿಯಲ್ಲ, ಒಂದೇ ಆಗಬಹುದು. ಆರಿಸಿ ಒಂದು ವರ್ಷ ಕಾಯುವ ಈ ಪದ್ಧತಿಯನ್ನು 2006ರ ನಂತರ ಕೈಬಿಟ್ಟು, 2022ರಲ್ಲಿ ಹಣದ ಮಿತಿ ಹಾಕಿ ಮರಳಿ ತಂದರು.

ಇಂಥ ನಿಯಮಗಳ ನಡುವೆ ದಿನದ ಕೆಲಸ ಹೇಗಿರುತ್ತದೆ ಎಂದು ನೋಡಿದರೆ 'ಕೋಚ್' ಎಂಬ ಪದ ಚಿಕ್ಕದಾಗಿ ಕಾಣುತ್ತದೆ. ಆಗಸ್ಟಿನಲ್ಲಿ ಹುಡುಗರು ಬರುತ್ತಾರೆ. ಶರತ್ಕಾಲವೆಲ್ಲ ಅಭ್ಯಾಸ, ಕ್ಯಾಲಿಫೋರ್ನಿಯಾದಲ್ಲಿ ಜನವರಿಯ ಕೊನೆಗೆ ಪಂದ್ಯಗಳು ಶುರು, ಮೇ ಹೊತ್ತಿಗೆ ಮುಗಿತಾಯ. ಅಷ್ಟರೊಳಗೆ ಮೈದಾನದ ಹುಲ್ಲು ಕತ್ತರಿಸಬೇಕು, ಒಳಅಂಗಳದ ಮಣ್ಣು ಎಳೆದು ಸಮ ಮಾಡಬೇಕು, ಸುಣ್ಣದ ಗೆರೆ ಹಾಕಬೇಕು, ವ್ಯಾನ್ ಓಡಿಸಬೇಕು, ಬ್ಯಾಟು ಚೆಂಡುಗಳಿಗೆ ಊರಿನ ಅಂಗಡಿಗಳಿಂದ ಚಂದಾ ಎತ್ತಬೇಕು. ಎಷ್ಟೋ ಕಾಲೇಜುಗಳಲ್ಲಿ ಇವೆಲ್ಲ ಕೋಚ್ ಮತ್ತು ಅವನ ಸಹಾಯಕರ ಪಾಲಿಗೇ ಬರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1978ರ ಮತದಾನವು ಆಸ್ತಿ ತೆರಿಗೆಗೆ ಕಡಿವಾಣ ಹಾಕಿದ ಮೇಲೆ ಊರಿನ ತೆರಿಗೆಯನ್ನೇ ನಂಬಿದ್ದ ಕಾಲೇಜುಗಳ ಕೈ ಕಟ್ಟಿತು, ಚಂದಾ ಎತ್ತುವುದು ವೃತ್ತಿಯ ಭಾಗವೇ ಆಯಿತು. ಆದರೆ ಇವೆಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಕಾಣದ ಒಂದು ಕೆಲಸ. ಆಡಬೇಕಾದರೆ ಹುಡುಗ ಆ ಅವಧಿಯಲ್ಲಿ ಕನಿಷ್ಠ 12 ಯೂನಿಟ್ ಪಾಠಗಳಿಗೆ ನೋಂದಾಯಿಸಿಕೊಂಡಿರಬೇಕು. ಯಾವ ಪಾಠ ಯಾವ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ, ಗಣಿತ ಯಾವಾಗ ಮುಗಿಸಬೇಕು, ಅಂಕದ ಸರಾಸರಿ ಎಲ್ಲಿಗೆ ಬಂತು ಎಂದು ಯಾರಾದರೂ ಲೆಕ್ಕ ಇಡಬೇಕು. ನಂತರ ನಾಲ್ಕು ವರ್ಷದ ಕಾಲೇಜುಗಳ ಕೋಚ್‌ಗಳಿಗೆ ಫೋನು. ಈ ಹುಡುಗ ಎಸೆಯಬಲ್ಲ, ಓದಬಲ್ಲ, ನಂಬಬಹುದು ಎಂಬ ಮಾತು. ಆ ಮಾತಿಗೆ ಬೆಲೆ ಬರುವುದು ಹತ್ತು ಹದಿನೈದು ವರ್ಷ ಸುಳ್ಳು ಹೇಳದೆ ಇದ್ದಾಗ ಮಾತ್ರ. ಒಂದೇ ಊರಿನಲ್ಲಿ ಉಳಿದ ಕೋಚ್‌ನ ನಿಜವಾದ ಬಂಡವಾಳ ಇದೇ.

ಇಲ್ಲಿ ಮೊದಲ ಆಕ್ಷೇಪ ಎದ್ದು ನಿಲ್ಲುತ್ತದೆ. ಅತ್ಯುತ್ತಮರು ಉಳಿಯುವುದಿಲ್ಲವಲ್ಲ, ಏರಿ ಹೋಗುತ್ತಾರಲ್ಲ? ಜಿಮ್ ಬ್ರಾಕ್ ಅರಿಜೋನಾದ ಮೆಸಾ ಕಮ್ಯುನಿಟಿ ಕಾಲೇಜಿನಲ್ಲಿ 1970, 1971ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಇನ್ನೂ ಬಲವಾದ ಉದಾಹರಣೆ ವೇನ್ ಗ್ರಹಾಂ. ಅವರ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಆಕ್ಷೇಪಕ್ಕೆ ಆಧಾರವಾಗುವ ಕತೆಯೇ ಅದಕ್ಕೆ ಉತ್ತರವನ್ನೂ ಕೊಡುತ್ತದೆ. ಗ್ರಹಾಂ ಹುಟ್ಟಿದ್ದು 1936ರಲ್ಲಿ, ಟೆಕ್ಸಸ್‌ನ ಯೋಕಂ ಎಂಬ ಸಣ್ಣ ಊರಿನಲ್ಲಿ. ಮೇಜರ್ ಲೀಗ್‌ನಲ್ಲಿ 1963ರಲ್ಲಿ ಫಿಲೀಸ್ ತಂಡಕ್ಕೆ, 1964ರಲ್ಲಿ ಮೆಟ್ಸ್ ತಂಡಕ್ಕೆ ಸೇರಿ ಒಟ್ಟು 30 ಪಂದ್ಯ ಆಡಿದರು. ಆಟಗಾರನಾಗಿ ಅಷ್ಟಕ್ಕೇ ಮುಗಿಯಿತು. ಹ್ಯೂಸ್ಟನ್‌ನ ಹೈಸ್ಕೂಲುಗಳಲ್ಲಿ ಸುಮಾರು ಒಂದು ದಶಕ ಕಲಿಸಿ, 1981ರ ಋತುವಿಗೆ ಸ್ಯಾನ್ ಜಸಿಂಟೊ ಕಾಲೇಜಿಗೆ ಬಂದಾಗ ವಯಸ್ಸು ನಲವತ್ತೈದರ ಹತ್ತಿರ. ತೈಲ ಶುದ್ಧೀಕರಣ ಕಾರ್ಖಾನೆಗಳ ಸಾಲಿನಲ್ಲಿ, ಹಡಗುಕಾಲುವೆಯ ಸುತ್ತ ದುಡಿಯುವವರ ಮಕ್ಕಳಿಗಾಗಿ 1961ರಲ್ಲಿ ತೆರೆದ ಕಾಲೇಜದು. ಮೊದಲ ವರ್ಷವೇ ಕ್ಲೆಮೆನ್ಸ್ ಅವರ ತಂಡದಲ್ಲಿದ್ದ. ಹತ್ತು ಹನ್ನೊಂದು ವರ್ಷಗಳಲ್ಲಿ 675 ಗೆಲುವು, 113 ಸೋಲು. 1985ರಿಂದ 1990ರವರೆಗಿನ ಆರು ವರ್ಷಗಳಲ್ಲಿ ಐದು ರಾಷ್ಟ್ರೀಯ ಪ್ರಶಸ್ತಿ. ಆ ಪ್ರಶಸ್ತಿಯ ಪಂದ್ಯಾವಳಿ 1959ರಿಂದ ನಡೆಯುತ್ತಿರುವುದು ಕೊಲರಾಡೋದ ಗ್ರ್ಯಾಂಡ್ ಜಂಕ್ಷನ್ ಎಂಬ ಊರಿನಲ್ಲಿ. ಎರಡು ನದಿ ಕೂಡುವ ಆ ಒಣನಾಡಿನ ಊರು ಪ್ರತಿ ಮೇ ಕೊನೆಯಲ್ಲಿ ಈ ಅನಾಮಿಕ ಹುಡುಗರನ್ನು ತನ್ನವರೆಂದು ಕರೆದು ಆಡಿಸುತ್ತದೆ. 1992ರ ಋತುವಿಗೆ ಗ್ರಹಾಂ ರೈಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅದುವರೆಗೆ ರಾಷ್ಟ್ರೀಯ ಪಂದ್ಯಾವಳಿಯನ್ನೇ ಕಾಣದಿದ್ದ ಆ ತಂಡ 2003ರಲ್ಲಿ ದೇಶದ ಚಾಂಪಿಯನ್ ಆಯಿತು. 2018ರವರೆಗೆ, ಎಂಬತ್ತೆರಡರ ವಯಸ್ಸಿನವರೆಗೆ, ಅವರು ಅಲ್ಲೇ ಇದ್ದರು.

ಏಣಿಯ ಕತೆಯಂತೆ ಕಾಣುತ್ತದೆ, ನಿಜ. ಆದರೆ ಐವತ್ತೈದರಲ್ಲಿ ಒಬ್ಬ ಕೋಚ್‌ನನ್ನು ಮೊದಲ ಬಾರಿಗೆ ವಿಶ್ವವಿದ್ಯಾಲಯ ಕರೆಯಿತು ಎಂದಾಗ ಆತನ ಕಸುಬು ಆಗಲೇ ಪೂರ್ತಿ ರೂಪುಗೊಂಡಿತ್ತು. ಹೈಸ್ಕೂಲು ಮತ್ತು ಜೂನಿಯರ್ ಕಾಲೇಜು ಸೇರಿ ಇಪ್ಪತ್ತು ವರ್ಷ ಬೇರೆಯವರು ಬಿಟ್ಟ ಹುಡುಗರನ್ನು ನೋಡಿ, ಮುಂದೆ ಏನಾಗಬಹುದೆಂದು ಊಹಿಸಿ, ಎರಡೇ ವರ್ಷದಲ್ಲಿ ಅದನ್ನು ಹೊರಗೆ ತರುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಓದಿಗೆ ಹೆಸರಾದ, ಆಟಕ್ಕೆ ಹೆಸರಿಲ್ಲದ ಸಣ್ಣ ವಿಶ್ವವಿದ್ಯಾಲಯದಲ್ಲಿ ಅವರು ಬಳಸಿದ್ದು ಅದನ್ನೇ. ಮೆಟ್ಟಿಲು ಎನ್ನುವವರು ಮೇಲಿನ ಹುದ್ದೆ ಕೆಳಗಿನದಕ್ಕೆ ಬೆಲೆ ತಂದಿತು ಎಂದು ಭಾವಿಸುತ್ತಾರೆ. ಗ್ರಹಾಂ ವಿಷಯದಲ್ಲಿ ಬೆಲೆ ಹರಿದದ್ದು ಕೆಳಗಿನಿಂದ ಮೇಲಕ್ಕೆ.

ಎರಡನೆಯ ಆಕ್ಷೇಪ ಹೆಚ್ಚು ನ್ಯಾಯವಾದದ್ದು, ಅದನ್ನು ಒಪ್ಪಿಕೊಳ್ಳುತ್ತೇನೆ. ಪ್ರಸಿದ್ಧ ಆಟಗಾರರ ಹೆಸರು ಹೇಳಿ ಕೋಚ್‌ನನ್ನು ಹೊಗಳುವುದು ಸರಿಯಲ್ಲ. ಪುಹೋಲ್ಸ್ 1999ರ ಒಂದೇ ಋತುವನ್ನು ಮೇಪಲ್ ವುಡ್ಸ್‌ನಲ್ಲಿ ಆಡಿದ. ಆ ವರ್ಷದ ಡ್ರಾಫ್ಟಿನಲ್ಲಿ 401 ಜನರ ನಂತರ ಆತನನ್ನು ಆರಿಸಿದರು. ನಿವೃತ್ತನಾಗುವಾಗ 703 ಹೋಮ್ ರನ್ ಹೊಡೆದಿದ್ದ. ಪಿಯಾಝಾನನ್ನು 1988ರಲ್ಲಿ 62ನೆಯ ಸುತ್ತಿನಲ್ಲಿ ಡಾಡ್ಜರ್ಸ್ ಆರಿಸಿದ್ದು ಅವನ ತಂದೆಯ ಗೆಳೆಯನಾಗಿದ್ದ ಆ ತಂಡದ ವ್ಯವಸ್ಥಾಪಕ ಟಾಮಿ ಲಸಾರ್ಡಾರ ಮಾತಿಗಾಗಿ. ಇಂಥವರು ಎಲ್ಲಿ ಆಡಿದ್ದರೂ ಬೆಳೆಯುತ್ತಿದ್ದರೋ ಏನೋ, ಹೇಳಲಾಗದು. ಅಳಿಯದೆ ಉಳಿದವರನ್ನಷ್ಟೇ ಎಣಿಸಿ ದಾರಿಯನ್ನು ಮೆಚ್ಚುವುದು ಇತಿಹಾಸದಲ್ಲಿ ಬಲು ಹಳೆಯ ದೋಷ. ಆದ್ದರಿಂದಲೇ ಈ ವೃತ್ತಿಯ ಬೆಲೆಯನ್ನು ಹಾಲ್ ಆಫ್ ಫೇಮ್‌ನ ಫಲಕಗಳಲ್ಲಿ ಹುಡುಕಬಾರದು. ಒಂದು ತಂಡದಲ್ಲಿ ಮೂವತ್ತು ಮಂದಿ ಇದ್ದರೆ ಮೇಜರ್ ಲೀಗ್ ಮುಟ್ಟುವವರು ಹೆಚ್ಚಿನ ವರ್ಷ ಒಬ್ಬರೂ ಇರುವುದಿಲ್ಲ. ಕೋಚ್‌ನ ಕಾಲದ ಬಹುಪಾಲು ಖರ್ಚಾಗುವುದು ಆ ಮೂವತ್ತು ಮಂದಿಯ ಮೇಲೆ.

ಅಲ್ಲಿಗೆ ಮೂರನೆಯ, ಎಲ್ಲಕ್ಕಿಂತ ಕಠಿಣ ಆಕ್ಷೇಪ. ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಸ್ಯಾನ್ ಹೋಸೆಯ ಜೂನಿಯರ್ ಕಾಲೇಜೊಂದನ್ನು ಅಭ್ಯಸಿಸಿ 1960ರಲ್ಲಿ ಒಂದು ಲೇಖನ ಪ್ರಕಟಿಸಿದ. ಈ ಕಾಲೇಜುಗಳು ಮಾಡುವ ಬಚ್ಚಿಟ್ಟ ಕೆಲಸವೆಂದರೆ ಆಸೆಯನ್ನು ತಣ್ಣಗಾಗಿಸುವುದು ಎಂಬುದು ಅವನ ವಾದ. ಸಮಾಜ ಎಲ್ಲರಿಗೂ ಮೇಲೇರುವ ಆಸೆ ಹುಟ್ಟಿಸುತ್ತದೆ, ಮೇಲೆ ಜಾಗವಿಲ್ಲ. ಬಾಗಿಲಲ್ಲೇ ಇಲ್ಲವೆನ್ನುವ ಬದಲು ಒಳಗೆ ಕರೆದು, ಪರೀಕ್ಷೆ, ಸಲಹೆ, ಬೇರೆ ಕೋರ್ಸು ಎನ್ನುತ್ತ ಮೆಲ್ಲಗೆ ಆಸೆಯನ್ನು ಇಳಿಸಿ, ಸೋತದ್ದು ತನ್ನಿಂದಲೇ ಎಂದು ಹುಡುಗನೇ ನಂಬುವಂತೆ ಮಾಡುವುದು. ಬೇಸ್‌ಬಾಲ್‌ಗೆ ಈ ಮಾತು ಇನ್ನಷ್ಟು ಕಟುವಾಗಿ ಅನ್ವಯಿಸುವಂತಿದೆ. ಮೇಜರ್ ಲೀಗ್‌ನ ಕನಸು ತೋರಿಸಿ ಹುಡುಗರನ್ನು ಕರೆತಂದು, ಎರಡು ವರ್ಷ ಆಡಿಸಿ, ಬರಿಗೈಯಲ್ಲಿ ಕಳಿಸುವ ಯಂತ್ರ ಇದಲ್ಲವೇ? ಈ ಕಾಲೇಜುಗಳಿಗೆ ಸೇರಿದವರಲ್ಲಿ ನಾಲ್ಕು ವರ್ಷದ ಪದವಿ ಮುಟ್ಟುವವರು ಇಂದಿಗೂ ಅಲ್ಪಸಂಖ್ಯಾತರು ಎಂಬುದೂ ನಿಜ. ಗೆಲುವಿಗಾಗಿ ಹುಡುಗರನ್ನು ಸುಲಭ ಪಾಠಗಳಿಗೆ ತಳ್ಳಿ ಆಡುವ ಅರ್ಹತೆಯನ್ನಷ್ಟೇ ಕಾಪಾಡಿದ ಕೋಚ್‌ಗಳು ಇದ್ದರು, ಇದ್ದಾರೆ. ಅಂಥವರ ಗೆಲುವಿನ ಪಟ್ಟಿ ಎಷ್ಟೇ ಉದ್ದವಿರಲಿ, ಅವರು ಹುಡುಗನ ಎರಡು ವರ್ಷವನ್ನು ಕದ್ದವರು.

ಆದರೆ ಕ್ಲಾರ್ಕ್‌ನ ಮಾತನ್ನು ಎಚ್ಚರದಿಂದ ಓದಿದರೆ ಅದರಲ್ಲಿರುವ ಕ್ರೌರ್ಯ ಆಸೆ ಇಳಿಯುವುದರಲ್ಲಿಲ್ಲ, ಯಾರೂ ಬಾಯಿಬಿಟ್ಟು ಹೇಳದೆ ಅದು ಇಳಿಯುವುದರಲ್ಲಿದೆ. ಕೋಚ್‌ನ ಕೆಲಸದಲ್ಲಿ ಆ ಮೌನಕ್ಕೆ ಅವಕಾಶ ಕಡಿಮೆ. ಯಾರು ಮೊದಲ ಒಂಬತ್ತರಲ್ಲಿ ಆಡುತ್ತಾರೆ ಎಂಬುದನ್ನು ಅವನು ಪ್ರತಿ ಪಂದ್ಯದ ದಿನ ಬರೆದು ಗೋಡೆಗೆ ಹಚ್ಚಬೇಕು. ಚೆಂಡಿನ ವೇಗ ಗಂಟೆಗೆ ಎಷ್ಟು ಮೈಲಿ ಎಂಬುದು ಯಂತ್ರದಲ್ಲಿ ಎಲ್ಲರಿಗೂ ಕಾಣುತ್ತದೆ. ಹುಡುಗನ ಮುಖ ನೋಡಿ ನಿನಗೆ ದೊಡ್ಡ ಕಾಲೇಜಿನ ತಂಡವಿಲ್ಲ, ಸಣ್ಣ ಕಾಲೇಜೊಂದು ಕರೆಯುತ್ತಿದೆ, ಹೋಗು, ಪದವಿ ಮುಗಿಸು ಎಂದು ಹೇಳುವುದು ಅವನ ಪಾಲಿನ ಹೊಣೆ. ಇನ್ನೊಂದು ಸಾಕ್ಷ್ಯವಿದೆ, ಅದು ನಿಯಮದಲ್ಲೇ ಇದೆ. ಕಮ್ಯುನಿಟಿ ಕಾಲೇಜಿನ ಹೆಚ್ಚಿನ ವಿದ್ಯಾರ್ಥಿಗಳು ಅರೆಕಾಲಿಕರು. ಕೆಲಸ, ಮನೆ, ಬಾಡಿಗೆಗಳ ನಡುವೆ ಒಂದೆರಡು ಪಾಠ ಹಿಡಿದು, ಒಂದು ಅವಧಿ ಬಿಟ್ಟು, ಮತ್ತೆ ಬರುವವರು. ಓದು ಕಡಿದುಹೋಗುವುದು ಆ ಬಿಡುವಿನಲ್ಲೇ. ಆಡುವವನಿಗೆ 12 ಯೂನಿಟ್‌ನ ಕಟ್ಟಳೆ ಇರುವುದರಿಂದ ಅವನು ಪೂರ್ಣಕಾಲಿಕ ವಿದ್ಯಾರ್ಥಿಯಾಗಿರಲೇಬೇಕು, ಎರಡನೆಯ ಋತುವಿಗೆ ಪಾಸಾಗಿಯೇ ಬರಬೇಕು. ಓದಿನ ಮೇಲೆ ಒಲವಿಲ್ಲದ ಹದಿನೆಂಟರ ಹುಡುಗನನ್ನು ದಿನವೂ ಬೆಳಿಗ್ಗೆ ತರಗತಿಗೆ ಎಳೆದು ತರುವ ಹಗ್ಗ ಈ ಆಟ. ಹಗ್ಗದ ತುದಿ ಹಿಡಿದವನು ಒಳ್ಳೆಯವನಾಗಿದ್ದರೆ ಕ್ಲಾರ್ಕ್ ಕಂಡ ಯಂತ್ರ ಅಲ್ಲಿ ಬೇರೆ ರೀತಿ ತಿರುಗುತ್ತದೆ. ಕ್ಯಾಲಿಫೋರ್ನಿಯಾದ ಈ ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ, ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಕೊಡಬಹುದು. ಹಣದ ಆಸೆ ತೋರಿಸಲಾಗದ ಕಡೆ ಕೋಚ್‌ಗೆ ಉಳಿಯುವುದು ತನ್ನ ಹೆಸರೊಂದೇ.

ಹಾಗೆ ಹೆಸರು ಮಾಡಿ ಉಳಿದವರಲ್ಲಿ ಜಾನ್ ಆಲ್ಟೊಬೆಲಿ ಒಬ್ಬರು. ಅವರೂ ಎರಡು ವರ್ಷದ ಕಾಲೇಜಿನ ಕೂಸೇ. ಹಂಟಿಂಗ್ಟನ್ ಬೀಚ್‌ನ ಗೋಲ್ಡನ್ ವೆಸ್ಟ್ ಕಾಲೇಜಿನಲ್ಲಿ ಆಡಿ, ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ, ಸ್ವಲ್ಪ ಕಾಲ ಕೆಳಹಂತದ ವೃತ್ತಿಪರ ತಂಡದಲ್ಲಿ ಆಡಿದವರು. 1993ರಲ್ಲಿ ಆರೆಂಜ್ ಕೋಸ್ಟ್ ಕಾಲೇಜಿನ ಮುಖ್ಯ ಕೋಚ್ ಆದರು, ಹಳೆಯ ವಾಯುನೆಲೆಯ ಅದೇ ನೆಲದಲ್ಲಿ 27 ಋತು ಕಳೆದರು. 705 ಗೆಲುವು, ನಾಲ್ಕು ರಾಜ್ಯ ಪ್ರಶಸ್ತಿ. ಕೊನೆಯ ಪ್ರಶಸ್ತಿ 2019ರದು, ಆ ವರ್ಷ ಅಮೆರಿಕದ ಬೇಸ್‌ಬಾಲ್ ಕೋಚ್‌ಗಳ ಸಂಘ ಅವರನ್ನು ಅವರ ವಿಭಾಗದ ವರ್ಷದ ಕೋಚ್ ಎಂದು ಗೌರವಿಸಿತು. 2012ರಿಂದ ಮೂರು ಬೇಸಿಗೆ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್‌ನಲ್ಲಿ ಬ್ರೂಸ್ಟರ್ ತಂಡವನ್ನೂ ನಡೆಸಿದರು. ದೇಶದ ಆಯ್ದ ಕಾಲೇಜು ಆಟಗಾರರು ಮರದ ಬ್ಯಾಟು ಹಿಡಿದು ಆಡುವ ಲೀಗದು. ಅಲ್ಲಿ ಅವರ ತಂಡದಲ್ಲಿ ಮುಂದೆ ಮೇಜರ್ ಲೀಗ್‌ನಲ್ಲಿ ಹೆಸರಾದ ಆ್ಯರನ್ ಜಡ್ಜ್ ಇದ್ದ, ಜೆಫ್ ಮೆಕ್‌ನೀಲ್ ಇದ್ದ. ತನಗೆ ಅಲ್ಲಿ ಅವಕಾಶ ಕೊಟ್ಟು ಬೇಸಿಗೆಯುದ್ದಕ್ಕೂ ಉಳಿಸಿಕೊಂಡವರು ಅವರು ಎಂದು ಮೆಕ್‌ನೀಲ್ ನಂತರ ನೆನೆದಿದ್ದಾನೆ. ಮೂರು ಬೇಸಿಗೆಗಳಲ್ಲಿ ದೊಡ್ಡ ವಿಶ್ವವಿದ್ಯಾಲಯಗಳ ಅತ್ಯುತ್ತಮರನ್ನು ನಡೆಸಬಲ್ಲೆನೆಂದು ತೋರಿಸಿದವರು ಪ್ರತಿ ಆಗಸ್ಟಿನಲ್ಲಿ ಕೋಸ್ಟಾ ಮೆಸಾಕ್ಕೆ, ಯಾರೂ ಆರಿಸದ ಹುಡುಗರ ಹೊಸ ಗುಂಪಿಗೆ ಮರಳಿ ಬಂದರು. ಅವಕಾಶವಿಲ್ಲದೆ ಉಳಿದವರು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್‌ನ ಗುಡ್ಡಕ್ಕೆ ಅಪ್ಪಳಿಸಿದ ಹೆಲಿಕಾಪ್ಟರ್‌ನಲ್ಲಿ ಸತ್ತ ಒಂಬತ್ತು ಜನರಲ್ಲಿ ಆಲ್ಟೊಬೆಲಿ, ಅವರ ಪತ್ನಿ ಕೆರಿ, ಮಗಳು ಅಲಿಸ್ಸಾ ಇದ್ದರು. ಜಗತ್ತಿನ ಪತ್ರಿಕೆಗಳು ಅದನ್ನು ಬಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್‌ನ ಸಾವೆಂದು ಬರೆದವು, ಬೇಸ್‌ಬಾಲ್ ಕೋಚ್ ಕೊನೆಯ ಸಾಲುಗಳಲ್ಲಿ ಬಂದರು. ಕೋಸ್ಟಾ ಮೆಸಾದಲ್ಲಿ ಮಾತ್ರ ಜನ ಮೈದಾನದ ಬೇಲಿಗೆ ಹೂ ತಂದು ಇಟ್ಟರು. ಆ ಹುಡುಗರ ಋತು ಶುರುವಾಗಬೇಕಿದ್ದದ್ದು ಅದೇ ವಾರ. ಎರಡು ದಿನ ಬಿಟ್ಟು, 28ರಂದು, ಅವರು ಮೈದಾನಕ್ಕಿಳಿದು ಮೊದಲ ಪಂದ್ಯ ಆಡಿದರು. ವರ್ಷಗಳ ಕಾಲ ಸಹಾಯಕರಾಗಿದ್ದ ನೇಟ್ ಜಾನ್ಸನ್ ತಂಡವನ್ನು ವಹಿಸಿಕೊಂಡರು. ಎರಡು ವರ್ಷದ ಕಾಲೇಜಿನಲ್ಲಿ ಮುಂದೂಡಲು ವರ್ಷಗಳಿರುವುದಿಲ್ಲ, ಅರ್ಧದಷ್ಟು ಹುಡುಗರಿಗೆ ಅದು ಅಲ್ಲಿನ ಕೊನೆಯ ವಸಂತ. ಮಾರ್ಚಿನಲ್ಲಿ ಕೊರೊನಾ ಬಂದು ರಾಜ್ಯದ ಎಲ್ಲ ಪಂದ್ಯಗಳೂ ನಿಂತವು. ಆಮೇಲೆ ಕ್ಯಾಲಿಫೋರ್ನಿಯಾದ ಕಾಲೇಜು ಕ್ರೀಡಾ ಸಂಘ ಆ ವಸಂತವನ್ನು ಆಟಗಾರರ ಲೆಕ್ಕಕ್ಕೆ ಹಿಡಿಯಬಾರದೆಂದು ತೀರ್ಮಾನಿಸಿತು. ಆ ಕೋಚ್ ಆರಿಸಿ ಕರೆತಂದ ಕೊನೆಯ ತಂಡದ ಹುಡುಗರಲ್ಲಿ ಬೇಕೆನಿಸಿದವರು ಮರುವರ್ಷ ಅದೇ ಮೈದಾನಕ್ಕೆ ಬರಬಹುದಾಯಿತು.